ಪ್ರಸಾರಿತ ಪಾದೋತ್ತಾನಾಸನ: ನೆತ್ತಿ ನೆಲ ಮುಟ್ಟಬೇಕೋ, ಸೊಂಟ ಬಗ್ಗಬೇಕೋ?

ಮಡಚಿದ ಚಾಪೆ:
ಕಾಲು ಅಗಲಿಸಿ ನಿಂತು ಮುಂದಕ್ಕೆ ಬಗ್ಗುವ ಆಸನದ ಬಗ್ಗೆ ಬಲ್ಲವರು ಹೇಳಿ. ಎತ್ತರ 5 ಅಡಿ 4 ಇಂಚು, ಪಾದಗಳ ನಡುವೆ ಸುಮಾರು 4 ಅಡಿ. ಅಂಗೈ ನೆಲಕ್ಕೆ ಊರುತ್ತದೆ, ನೆತ್ತಿಗೂ ನೆಲಕ್ಕೂ ಇನ್ನೂ ಒಂದು ಗೇಣು ಬಾಕಿ. ಕಾಲು ಇನ್ನೊಂದು ಅಡಿ ಅಗಲಿಸಿದರೆ ನೆತ್ತಿ ಮುಟ್ಟುತ್ತದೆ. ಹಾಗೆ ಮಾಡುವುದು ಸರಿಯೇ? ಎಳೆತ ತೊಡೆಯ ಹಿಂದೆ ಬರಬೇಕಾದದ್ದು ಮಂಡಿಯ ಹಿಂದೆ ಬರುತ್ತಿದೆ, ಅದಕ್ಕೇನು ಕಾರಣ? ಎಷ್ಟು ಹೊತ್ತು ನಿಲ್ಲಬೇಕು, ವಾರಕ್ಕೆ ಎಷ್ಟು ದಿನ? ಬೆಳಗ್ಗೆ ಎದ್ದ ಕೂಡಲೇ ಮಾಡಬಹುದೇ?

ಗೋಡೆಗೊರಗಿ:
ಅಗಲಿಸಿದರೆ ತಲೆ ಮುಟ್ಟುವುದು ಮೈ ಸಡಿಲವಾಗಿದ್ದಕ್ಕಲ್ಲ, ಬರೀ ಲೆಕ್ಕಾಚಾರ. ನೋಡಿ: ಸೊಂಟದ ಕೀಲಿನಿಂದ ನೆಲಕ್ಕೆ ಕಾಲಿನ ಉದ್ದ 85 ಸೆಂ.ಮೀ., ಎರಡು ಕೀಲುಗಳ ನಡುವೆ 20 ಸೆಂ.ಮೀ. ಅಂದುಕೊಳ್ಳಿ. ಪಾದಗಳ ನಡುವೆ 127 ಸೆಂ.ಮೀ. ಇದ್ದಾಗ ಸೊಂಟ ನೆಲದಿಂದ ಸುಮಾರು 66 ಸೆಂ.ಮೀ. ಎತ್ತರದಲ್ಲಿರುತ್ತದೆ. ಅದನ್ನೇ 157ಕ್ಕೆ ಅಗಲಿಸಿ, ಸೊಂಟ 50ಕ್ಕೆ ಇಳಿಯಿತು. 16 ಸೆಂ.ಮೀ. ಪುಕ್ಕಟೆ! ತೊಡೆಯ ಹಿಂದಿನ ಸ್ನಾಯು ಒಂದು ಎಳೆಯೂ ಉದ್ದವಾಗಿಲ್ಲ, ತಲೆ ಮಾತ್ರ ಆರು ಇಂಚು ಕೆಳಗೆ ಬಂತು. ನಿಮ್ಮ ಒಂದು ಗೇಣಿನಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು.

ಅದಕ್ಕೇ ಮೊದಲು ಅಗಲವನ್ನು ಒಂದು ಕಡೆ ನಿಲ್ಲಿಸಿ. ಎರಡೂ ಕೈ ಭುಜದ ಮಟ್ಟಕ್ಕೆ ಚಾಚಿ ನಿಂತಾಗ ಮಣಿಕಟ್ಟಿನ ನೇರ ಕೆಳಗೆ ಕಣಕಾಲು ಬರಬೇಕು. 5 ಅಡಿ 4 ಇಂಚು ಎತ್ತರದವರಿಗೆ ಅದು ಹೆಚ್ಚುಕಮ್ಮಿ 4 ಅಡಿ 2 ಇಂಚು. ಚಾಪೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದುಬಿಡಿ. ದಿನಾ ಅದೇ ಗೆರೆ. ಅಗಲ ದಿನಕ್ಕೊಂದು ಥರ ಇದ್ದರೆ ಮುಂದೆ ಹೋದಿರೋ ಹಿಂದೆ ಬಂದಿರೋ ಗೊತ್ತೇ ಆಗುವುದಿಲ್ಲ.

ಎಂಟನೇ ವಿನ್ಯಾಸ:
ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರ ‘ಲೈಟ್ ಆನ್ ಯೋಗ’ ಪುಸ್ತಕದಲ್ಲಿ ನಾಲ್ಕೂವರೆಯಿಂದ ಐದು ಅಡಿ ಎಂದೇ ಬರೆದಿದ್ದಾರಲ್ಲ ಸರ್. ನೀವು ಅದಕ್ಕಿಂತ ಕಮ್ಮಿ ಹೇಳುತ್ತಿದ್ದೀರಿ.

ಗೋಡೆಗೊರಗಿ:
ಅದು ಪೂರ್ಣ ಭಂಗಿಯ ಅಳತೆ, ಮಾಡಬಲ್ಲವರಿಗೆ. ಕಲಿಯುವವರಿಗೆ ನಾನು ಮೈ ಅಳತೆಯನ್ನೇ ಹೇಳುತ್ತೇನೆ. ಆರಡಿ ಎತ್ತರದವರಿಗೂ ಐದಡಿಯವರಿಗೂ ಒಂದೇ ಅಡಿಪಟ್ಟಿ ಹಿಡಿದರೆ ಹೇಗೆ?

ಎಂಟನೇ ವಿನ್ಯಾಸ:
ಒಪ್ಪಿದೆ. ಮೈಸೂರು ಪದ್ಧತಿಯ, ಅಂದರೆ ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ಯೋಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಂಟರ್ನೆಟ್‌ನಲ್ಲಿ ಎಲ್ಲವನ್ನೂ ಕಲಸಿ ಹಾಕಿದ್ದಾರೆ. ಅದರ ಪ್ರಾಥಮಿಕ ಸರಣಿಯಲ್ಲಿ, ಅಂದರೆ ಮೊದಲ ಹಂತದ ಆಸನಗಳಲ್ಲಿ, ಇದು ನಿಂತು ಮಾಡುವ ಆಸನಗಳ ಸಾಲಿನಲ್ಲಿ ಬರುತ್ತದೆ, ಪಾರ್ಶ್ವಕೋನಾಸನ ಆದ ಮೇಲೆ, ಪಾರ್ಶ್ವೋತ್ತಾನಾಸನಕ್ಕೆ ಮೊದಲು. ನಾಲ್ಕು ಬಗೆ: ಎ-ಯಲ್ಲಿ ಅಂಗೈ ನೆಲಕ್ಕೆ, ಬಿ-ಯಲ್ಲಿ ಕೈ ಸೊಂಟದ ಮೇಲೆ, ಸಿ-ಯಲ್ಲಿ ಬೆನ್ನ ಹಿಂದೆ ಬೆರಳು ಹೆಣೆದು ಕೈಗಳನ್ನು ತಲೆಯಾಚೆಗೆ ಇಳಿಸುವುದು, ಡಿ-ಯಲ್ಲಿ ಕಾಲಿನ ಹೆಬ್ಬೆರಳು ಹಿಡಿಯುವುದು. ಪ್ರತಿಯೊಂದಕ್ಕೂ ಐದು ಉಸಿರು.

ಎ-ಯ ಕ್ರಮ ಹೀಗೆ. ಉಸಿರು ತೆಗೆದುಕೊಳ್ಳುತ್ತಾ ಬಲಕ್ಕೆ ಕಾಲು ಅಗಲಿಸಿ ಸೊಂಟದ ಮೇಲೆ ಕೈ. ಬಿಡುತ್ತಾ ಬಗ್ಗಿ ಪಾದಗಳ ನಡುವೆ ಅಂಗೈ ಊರಿ, ತೆಗೆದುಕೊಳ್ಳುತ್ತಾ ಎದೆ ಮತ್ತು ತಲೆ ಎತ್ತಿ ಬೆನ್ನು ನೀಳ ಮಾಡಿ. ಮತ್ತೆ ಬಿಡುತ್ತಾ ಒಳಕ್ಕೆ. ಆ ನಡುವಿನ ತಲೆ ಎತ್ತುವ ಉಸಿರನ್ನು ಹೆಚ್ಚಿನವರು ನುಂಗಿಬಿಡುತ್ತಾರೆ. ಬೆನ್ನು ನೀಳವಾಗುವುದೇ ಅಲ್ಲಿ. ಅದು ಹೋದರೆ ಉಳಿದದ್ದು ಗೂನು ಬೆನ್ನಿನ ನೇತಾಟ.

ಯೋಗಗುರು ಕೃಷ್ಣಮಾಚಾರ್ಯರ ಕೈಕೆಳಗೆ ಜೋಯಿಸರು ಹಾಸನದಲ್ಲಿ 1927ರಿಂದ ಕಲಿತವರು, ಅಯ್ಯಂಗಾರ್ ಮೈಸೂರಿಗೆ ಬಂದದ್ದು 1934ರಲ್ಲಿ. ಗುರು ಒಬ್ಬರೇ. ಜೋಯಿಸರ ಕಡೆಯವರು ಉಸಿರು ಎಣಿಸಿಕೊಂಡು ಮುಂದಕ್ಕೆ ಹೋಗುತ್ತಾರೆ, ಅಯ್ಯಂಗಾರ್ ಕಡೆಯವರು ಇಟ್ಟಿಗೆ, ಪಟ್ಟಿ, ಕುರ್ಚಿ ಇಟ್ಟುಕೊಂಡು ಅಲ್ಲೇ ನಿಲ್ಲುತ್ತಾರೆ. ಬಿಗಿ ಮೈಯವರಿಗೆ ಎರಡನೆಯದೇ ಮೇಲು ಎಂದು ಅಷ್ಟಾಂಗದವನಾದ ನಾನೇ ಹೇಳುತ್ತೇನೆ, ಬೈಯಬೇಡಿ.

ಮೂಳೆ ಲೆಕ್ಕ:
ಫಿಸಿಯೋಥೆರಪಿ ಕಡೆಯಿಂದ. ಮಂಡಿಯ ಹಿಂದಿನ ಎಳೆತಕ್ಕೆ ಮೂರು ಕಾರಣ ಇರಬಹುದು. ಮೂರಕ್ಕೂ ಪರಿಹಾರ ಬೇರೆಬೇರೆ.

ಮೊದಲನೆಯದು, ಭಾರವೆಲ್ಲ ಹಿಮ್ಮಡಿಗೆ ಹೋಗಿ ಮಂಡಿ ಹಿಂದಕ್ಕೆ ಬಾಗಿ ಬೀಗ ಹಾಕಿಕೊಳ್ಳುವುದು. ಪಕ್ಕದಿಂದ ಫೋನಿನಲ್ಲಿ ವೀಡಿಯೋ ತೆಗೆದರೆ ಕಾಣುತ್ತದೆ: ಸೊಂಟ ಹಿಮ್ಮಡಿಗಿಂತ ಹಿಂದೆ ಸರಿದಿರುತ್ತದೆ. ಕಾಲಿನ ಹೆಬ್ಬೆರಳಿನ ಬುಡವನ್ನು ನೆಲಕ್ಕೆ ಒತ್ತಿ, ಸೊಂಟವನ್ನು ಕಣಕಾಲಿನ ನೇರಕ್ಕೆ ತಂದು, ಮಂಡಿಚಿಪ್ಪನ್ನು ತೊಡೆಯ ಕಡೆಗೆ ಎಳೆದುಕೊಂಡರೆ ಎಳೆತ ಅರ್ಧ ನಿಮಿಷದಲ್ಲಿ ತೊಡೆಯ ಮಧ್ಯಕ್ಕೆ ಜಾರುತ್ತದೆ. ಜಾರಿದರೆ ಕಾರಣ ಇದೇ.

ಎರಡನೆಯದು ನರ. ತೊಡೆಯ ಹಿಂದೆ ಇಳಿಯುವ ಸಯಾಟಿಕ್ ನರಕ್ಕೂ ಬಗ್ಗಿದಾಗ ಬಿಗಿ ಬೀಳುತ್ತದೆ. ಗುರುತು ಹಿಡಿಯುವುದು ಸುಲಭ. ಬಗ್ಗಿ ಎಳೆತ ಇರುವಾಗ ಉಳಿದದ್ದೇನೂ ಅಲುಗಿಸದೆ ಕತ್ತು ಮಾತ್ರ ಎತ್ತಿ. ಮಂಡಿಯ ಹಿಂದಿನದು ಕಡಿಮೆಯಾಯಿತೇ? ಕತ್ತು ಎತ್ತಿದರೆ ತೊಡೆಯ ಸ್ನಾಯುವಿಗೆ ಏನೂ ಆಗುವುದಿಲ್ಲ, ನರಕ್ಕೆ ಸಡಿಲ ಸಿಗುತ್ತದೆ. ಹಾಗಾಗಿ ಅದು ನರದ್ದು. ಮೀನಖಂಡದಲ್ಲಿ ಅಥವಾ ಅಂಗಾಲಿನಲ್ಲಿ ಜುಮುಗುಟ್ಟುವುದು, ಜೋಮು ಹಿಡಿಯುವುದು ಇದ್ದರಂತೂ ಸಂಶಯವೇ ಬೇಡ. ನರವನ್ನು ಎಳೆದು ಹಿಡಿದು ನಿಲ್ಲಬಾರದು. ಮಂಡಿ ಸ್ವಲ್ಪ ಮಡಿಸಿ, ಎಳೆತ ಶುರುವಾಗುವ ಜಾಗಕ್ಕೆ ಹೋಗಿ ಬರುತ್ತಾ ಹತ್ತು ಸಲ ನಿಧಾನವಾಗಿ ಆಡಿಸಿ, ಅಷ್ಟೇ.

ಮೂರನೆಯದು ಮೀನಖಂಡದ ಬಿಗಿ. ಹಿಮ್ಮಡಿ ಕೆಳಗೆ ಮಡಚಿದ ಟವೆಲ್ ಇಟ್ಟಾಗ ಹಾಯೆನಿಸಿದರೆ ಇದು.

ಸೊಪ್ಪಿನ ಸಾರು:
ಮಂಡಿಯ ಹಿಂದಲ್ಲ, ಒಳಮಗ್ಗುಲಲ್ಲಿ ಚಳುಕು ಬಂದರೆ?

ಮೂಳೆ ಲೆಕ್ಕ:
ತಕ್ಷಣ ಆರು ಇಂಚು ಕಡಿಮೆ ಮಾಡಿ ಮೇಡಂ. ಒಳತೊಡೆಯ ಸ್ನಾಯುಗಳಲ್ಲಿ ಗ್ರಾಸಿಲಿಸ್ ಎಂಬ ಒಂದು ಮಾತ್ರ ಮಂಡಿಯನ್ನು ದಾಟಿ ಕೆಳಗಿನ ಮೂಳೆಗೆ ಹೋಗಿ ಅಂಟಿಕೊಂಡಿದೆ. ಅಗಲ ಜಾಸ್ತಿಯಾದಾಗ ಪಾದದ ಕಮಾನು ಒಳಗೆ ಕುಸಿಯುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ, ಆ ಸ್ನಾಯುವಿನ ಜೊತೆ ಮಂಡಿಯ ಒಳಬದಿಯ ಲಿಗಮೆಂಟೂ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಎಳೆಯಲ್ಪಡುತ್ತದೆ. ಸ್ನಾಯು ಎಳೆಸಿಕೊಂಡರೆ ಲಾಭ ಇದೆ, ಲಿಗಮೆಂಟ್ ಎಳೆಸಿಕೊಂಡರೆ ಇಲ್ಲ. ಪಾದದ ಹೊರ ಅಂಚನ್ನು ನೆಲಕ್ಕೆ ಒತ್ತಿ ಕಮಾನು ಎತ್ತಿ. ಹೊರ ಅಂಚುಗಳು ಒಂದಕ್ಕೊಂದು ಸಮಾನಾಂತರ ಇರಲಿ.

ತೊಡೆಸಂದಿಯಲ್ಲಿ ಮುಂದುಗಡೆ ಏನೋ ಸಿಕ್ಕಿಹಾಕಿಕೊಂಡಂತೆ ಚಿವುಟಿದರೆ ಅದು ಸ್ನಾಯುವೇ ಅಲ್ಲ. ತೊಡೆಮೂಳೆಯ ಕತ್ತು ಸೊಂಟದ ಬಟ್ಟಲಿನ ಅಂಚಿಗೆ ತಾಗುತ್ತಿದೆ. ಬೆರಳುಗಳನ್ನು ಹತ್ತು-ಹದಿನೈದು ಡಿಗ್ರಿ ಹೊರಕ್ಕೆ ತಿರುಗಿಸಿ ನೋಡಿ. ಹೋದರೆ ಸರಿ. ಹೋಗದಿದ್ದರೆ ಆ ಮೈಗೆ ಅಷ್ಟೇ ಆಳ. ಬಟ್ಟಲಿನ ಆಳ, ಮೂಳೆಯ ಕೋನ ಒಬ್ಬೊಬ್ಬರಿಗೆ ಒಂದೊಂದು ಥರ. ಹತ್ತು ವರ್ಷ ಬಗ್ಗಿದರೂ ಮೂಳೆ ಬದಲಾಗುವುದಿಲ್ಲ.

ಪೊರಕೆ ಕಡ್ಡಿ:
ಮೂಲ ಪ್ರಶ್ನೆಗೆ ಬರೋಣ. ಬಗ್ಗುವುದು ಎಂದರೆ ಎಲ್ಲಿಂದ? ಬೆನ್ನಿನಿಂದಲೋ, ಸೊಂಟದ ಕೀಲಿನಿಂದಲೋ? ನಮ್ಮ ಮಾತಿನಲ್ಲೇ ಸೊಂಟ ಬಗ್ಗಿಸು ಎಂದಿದೆ, ಮಾಡುವಾಗ ಎಲ್ಲರೂ ಬೆನ್ನು ಬಗ್ಗಿಸುತ್ತಾರೆ.

ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ. ನೆಲ ಒರೆಸುವ ಮಾಪ್‌ನ ಕೋಲು ಬಿಚ್ಚಿ ಬೆನ್ನಿನ ಉದ್ದಕ್ಕೆ ಹಿಡಿಯಿರಿ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಟೊಂಕದ ಹಿಂದೆ. ಕೋಲು ಮೂರು ಕಡೆ ತಾಗಿರಬೇಕು: ತಲೆಯ ಹಿಂಭಾಗ, ಭುಜದೆಲುಬುಗಳ ನಡುವೆ, ಬಾಲಮೂಳೆಯ ಮೇಲಿನ ಚಪ್ಪಟೆ ಜಾಗ. ಈಗ ಕಾಲು ಅಗಲಿಸಿ ನಿಧಾನ ಬಗ್ಗಿ. ಮೂರರಲ್ಲಿ ಒಂದು ಎಲ್ಲಿ ಬಿಟ್ಟುಕೊಳ್ಳುತ್ತದೋ ಅಲ್ಲಿಗೆ ನಿಮ್ಮ ಸೊಂಟದ ಕೆಲಸ ಮುಗಿಯಿತು, ಮುಂದಿನದೆಲ್ಲ ಬೆನ್ನಿನ ಗೂನು. ಬಿಗಿ ಮೈಯವರಿಗೆ ನೆಲದ ಹತ್ತಿರ ಹೋಗುವ ಎಷ್ಟೋ ಮೊದಲೇ, ಕುರ್ಚಿಯ ಮಟ್ಟದಲ್ಲೇ ಕೋಲು ಬಿಟ್ಟುಕೊಳ್ಳುತ್ತದೆ. ನಾಚಿಕೆ ಪಡುವಂಥದ್ದೇನಿಲ್ಲ. ಅಲ್ಲಿಗೇ ಒಂದು ಕುರ್ಚಿ ತಂದು ಕೈ ಊರಿ.

ಕುರ್ಚಿ ಸಲೀಸಾದ ಮೇಲೆ ಊಟದ ಮಣೆ ಎರಡು ಒಂದರ ಮೇಲೊಂದು, ಆಮೇಲೆ ಒಂದೇ ಮಣೆ, ಆಮೇಲೆ ನೆಲ. ಯೋಗದ ಅಂಗಡಿಯ ಫೋಮ್ ಇಟ್ಟಿಗೆಗೆ ದುಡ್ಡು ಹಾಕಲೇಬೇಕು ಅಂತೇನಿಲ್ಲ. ಮಣೆ ಅಲುಗದಿದ್ದರೆ ಸಾಕು. ನುಣ್ಣನೆ ಟೈಲ್ಸ್ ಮೇಲಾದರೆ ಕೆಳಗೆ ಒದ್ದೆ ಬಟ್ಟೆಯ ತುಂಡು ಹಾಸಿ, ಜಾರುವುದಿಲ್ಲ.

ಗೋಡೆಗೊರಗಿ:
ವಯಸ್ಸಾದವರಿಗೆ ಕುರ್ಚಿಯೂ ತಗ್ಗು. ಅಡುಗೆ ಕಟ್ಟೆ ಸರಿಯಾದ ಎತ್ತರ, ಸಾಮಾನ್ಯವಾಗಿ 32ರಿಂದ 34 ಇಂಚು. ಅದರ ಅಂಚಿಗೆ ಅಂಗೈ ಊರಿ, ಕಾಲು ಮೂರೂವರೆ ಅಡಿ ಅಗಲಿಸಿ, ಕುಂಡೆಯನ್ನು ಹಿಂದಕ್ಕೆ ತಳ್ಳುತ್ತಾ ಹೋದರೆ ಬೆನ್ನು ನೆಲಕ್ಕೆ ಸಮಾನಾಂತರ ಬರುತ್ತದೆ. ಅಷ್ಟೇ ಆಸನ. ತಲೆ ಕೆಳಗೆ ಹೋಗುವುದಿಲ್ಲವಾದ್ದರಿಂದ ತಲೆಸುತ್ತಿನ ತಂಟೆಯೂ ಇಲ್ಲ.

ಮಡಚಿದ ಚಾಪೆ:
ಕೋಲಿನ ಪರೀಕ್ಷೆ ಆಯಿತು. ಟೊಂಕದ ಹತ್ತಿರ ಕೋಲಿಗೂ ಬೆನ್ನಿಗೂ ಇದ್ದ ಸಂದು ಮೊದಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಬಾಲಮೂಳೆ ಬಿಟ್ಟುಕೊಳ್ಳುತ್ತದೆ. ಕೈ ಮಂಡಿಯ ಕೆಳಗೆ ಇಳಿಯುವಷ್ಟರಲ್ಲೇ. ಮಂಡಿ ಮಡಿಸಿದರೆ ಮಾತ್ರ ಇನ್ನೂ ಇಳಿಯಬಹುದು.

ಪೊರಕೆ ಕಡ್ಡಿ:
ಸಂದು ಮುಚ್ಚಿಕೊಳ್ಳುವುದೇ ಮುನ್ಸೂಚನೆ. ಅಲ್ಲಿ ನಿಲ್ಲಿ. ಮಂಡಿ ಮಡಿಸಿ, ಅಡ್ಡಿಯಿಲ್ಲ.

ಎಂಟನೇ ವಿನ್ಯಾಸ:
ಅಡ್ಡಿಯಿದೆ ಗುರುವೇ. ಮಂಡಿ ಮಡಿಸುವುದು ಅಭ್ಯಾಸವಾದರೆ ತೊಡೆ ಯಾವತ್ತೂ ಉದ್ದವಾಗುವುದಿಲ್ಲ. ಕಾಲು ನೇರ ಇಟ್ಟು ಮೇಲೆಯೇ ನಿಲ್ಲಲಿ.

ಮೂಳೆ ಲೆಕ್ಕ:
ಇಬ್ಬರದ್ದೂ ಸರಿ, ಉದ್ದೇಶ ಬೇರೆ. ತೊಡೆಯ ಹಿಂದಿನ ಮೂರು ಸ್ನಾಯುಗಳೂ ಕೂರುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಮುಗಿಯುತ್ತವೆ. ಅವು ಬಿಗಿಯಿದ್ದರೆ ಕೂರುವ ಮೂಳೆಯನ್ನು ಕೆಳಕ್ಕೆ ಎಳೆದು ಹಿಡಿಯುತ್ತವೆ, ಸೊಂಟ ಮುಂದಕ್ಕೆ ತಿರುಗಲು ಬಿಡುವುದಿಲ್ಲ. ಮಂಡಿ ಎರಡು ಬೆರಳಿನಷ್ಟು ಮಡಿಸಿದರೆ ಹಗ್ಗ ಸಡಿಲವಾಗಿ ಸೊಂಟ ತಿರುಗುವುದು ಹೇಗಿರುತ್ತದೆ ಎಂದು ಮೈಗೆ ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೆ, ಸೊಂಟವನ್ನು ಅಲ್ಲೇ ಉಳಿಸಿಕೊಂಡು ಮಂಡಿಯನ್ನು ಇಷ್ಟಿಷ್ಟೇ ನೇರ ಮಾಡುತ್ತಾ ಹೋಗಿ. ಎಳೆತ ಸಿಗುವುದು ಈ ನೇರ ಮಾಡುವ ಹೊತ್ತಿನಲ್ಲಿ. ಮಡಿಸಿಯೇ ನಿಂತರೆ ಎಂಟನೇ ವಿನ್ಯಾಸ ಅವರು ಹೇಳಿದಂತೆ ಏನೂ ಆಗುವುದಿಲ್ಲ.

ಹೊತ್ತಿನ ಬಗ್ಗೆ ಕೇಳಿದ್ದರಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಮಾರ್ಗಸೂಚಿ ಪ್ರಕಾರ ಒಂದು ಸಲಕ್ಕೆ 10ರಿಂದ 30 ಸೆಕೆಂಡ್, ಹಿರಿಯರಿಗೆ 30ರಿಂದ 60. ಒಂದೊಂದು ಎಳೆತಕ್ಕೆ ಎಲ್ಲ ಸಲ ಸೇರಿ 60 ಸೆಕೆಂಡ್, ವಾರಕ್ಕೆ ಕನಿಷ್ಠ 2–3 ದಿನ. ಐದು ಉಸಿರು ಎಂಬುದೂ ನಿಧಾನ ಉಸಿರಾದರೆ 40–50 ಸೆಕೆಂಡ್ ಆಗುತ್ತದೆ. ಏದುಸಿರಾದರೆ ಹದಿನೈದರಲ್ಲೇ ಮುಗಿದಿರುತ್ತದೆ, ಅದಕ್ಕೇ ಗಡಿಯಾರ ನೋಡಿ. ಮೊದಲ ವಾರಗಳಲ್ಲಿ ಇಳಿಯುವ ಇಂಚುಗಳು ಸ್ನಾಯು ಉದ್ದವಾಗಿದ್ದರಿಂದ ಬಂದವಲ್ಲ. ಎಳೆತವನ್ನು ಮೆದುಳು ಸಹಿಸಲು ಕಲಿತದ್ದರಿಂದ ಬಂದವು. ಹತ್ತು ದಿನ ಬಿಟ್ಟರೆ ವಾಪಸ್ ಹೋಗುವುದೂ ಅದಕ್ಕೇ.

ಅಕ್ಕಿ ಮೂಟೆ:
ಎಳೆತ ಮಾತ್ರ ಮಾಡಿ ಬಲ ಬಿಟ್ಟರೆ ಸಿಕ್ಕಿದ್ದು ಉಳಿಯುವುದಿಲ್ಲ. ವಾರಕ್ಕೆ ಮೂರು ದಿನ, 25 ನಿಮಿಷದ ಕ್ರಮ ಒಂದನ್ನು ಹಾಕುತ್ತೇನೆ.

ಮೊದಲು ಮೈ ಬಿಸಿಯಾಗಬೇಕು. ಐದು ನಿಮಿಷ ಮೆಟ್ಟಿಲು ಹತ್ತಿ ಇಳಿಯಿರಿ, ಗೋಡೆ ಹಿಡಿದು ಒಂದೊಂದು ಕಾಲನ್ನೂ ಮುಂದೆ-ಹಿಂದೆ, ಅಡ್ಡಡ್ಡ ಹದಿನೈದು ಸಲ ಬೀಸಿ. ತಣ್ಣಗಿರುವ ಸ್ನಾಯುವನ್ನು ಎಳೆಯಬೇಡಿ. ಆಮೇಲೆ ಕುರ್ಚಿಯ ಮೇಲೆ ಕೈ ಊರಿ, ಬೆನ್ನು ನೀಳವಾಗಿಟ್ಟು 45 ಸೆಕೆಂಡ್, ಎರಡು ಸಲ.

ಮುಂದಿನದೇ ಮುಖ್ಯ. ನಿಮ್ಮ ಮಿತಿಯವರೆಗೆ ಬಗ್ಗಿ ಕೈ ಮಣೆಯ ಮೇಲಿಟ್ಟು, ಚಾಪೆಯನ್ನು ಎರಡೂ ಪಾದಗಳಿಂದ ನಡುವಿಗೆ ಎಳೆದು ಸುಕ್ಕುಗಟ್ಟಿಸುವ ಹಾಗೆ ಒತ್ತಿ. ಪಾದ ಕದಲಬಾರದು. ಅರ್ಧ ಬಲ ಸಾಕು, ಎಂಟು ಸೆಕೆಂಡ್. ಒಳತೊಡೆ ಗಟ್ಟಿಯಾಗುವುದು ಕೈಗೇ ಸಿಗುತ್ತದೆ. ಬಿಟ್ಟುಬಿಡಿ, ಉದ್ದ ಉಸಿರು ಹೊರಗೆ, ಸೊಂಟ ತಾನಾಗಿ ಎಷ್ಟು ತಿರುಗುತ್ತದೋ ಅಷ್ಟು ತಿರುಗಲಿ, ಅಲ್ಲಿ 20 ಸೆಕೆಂಡ್. ಮೂರು ಸುತ್ತು. ಪೂರ್ತಿ ಬಲ ಹಾಕಿದರೆ ಮರುದಿನ ಒಳತೊಡೆ ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟ.

ಅದಾದ ಮೇಲೆ ಬಗ್ಗಿದಲ್ಲೇ ಕೈಗಳನ್ನು ಮಣೆಯಿಂದ ಒಂದು ಇಂಚು ಎತ್ತಿ ಐದು ಸೆಕೆಂಡ್ ಹಿಡಿಯಿರಿ, ಐದು ಸಲ. ಮೈ ಮೇಲಕ್ಕೆ ಹಾರಿದರೆ ಆ ಆಳ ಇನ್ನೂ ನಿಮ್ಮದಾಗಿಲ್ಲ, ಕೈಯ ಆಸರೆಯಲ್ಲಿ ಇದ್ದಿರಿ ಎಂದರ್ಥ.

ಕೊನೆಗೆ ಭಾರ. ಸ್ಕೂಲ್ ಬ್ಯಾಗಿಗೆ ನಾಲ್ಕೈದು ಕೆ.ಜಿ. ಅಕ್ಕಿ ತುಂಬಿ ಎದೆಗೆ ಅಪ್ಪಿಕೊಂಡು, ಕಾಲು ಅಗಲಿಸಿ, ಬೆನ್ನು ನೇರ ಇಟ್ಟು ಮೂರು ಸೆಕೆಂಡ್‌ನಲ್ಲಿ ಬಗ್ಗಿ ಒಂದು ಸೆಕೆಂಡ್‌ನಲ್ಲಿ ಏಳಿ. ಎಂಟು ಸಲ, ಎರಡು ಸುತ್ತು. ಜೊತೆಗೆ ಅದೇ ಅಗಲದಲ್ಲಿ ಒಂದು ಮಂಡಿ ಮಡಿಸಿ ಆ ಪಕ್ಕಕ್ಕೆ ಕುಕ್ಕರಿಸಿ, ಇನ್ನೊಂದು ಕಾಲು ನೇರ. ಪಕ್ಕಕ್ಕೆ ಆರು ಸಲ. ಹಿಮ್ಮಡಿ ಏಳುತ್ತಿದ್ದರೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಿ.

ಕಾಲು ಅಗಲಿಸಿ ಕುಳಿತು ಮುಂದಕ್ಕೆ ಬಗ್ಗುವ ಉಪವಿಷ್ಟ ಕೋನಾಸನವನ್ನು ಇದಕ್ಕೆ ಸೇರಿಸುವವರು ಕಂಬಳಿಯನ್ನು ನಾಲ್ಕು ಇಂಚು ಎತ್ತರಕ್ಕೆ ಮಡಚಿ ಅದರ ಅಂಚಿನಲ್ಲಿ ಕೂರಬೇಕು. ನೆಲದಲ್ಲಿ ಕೂತರೆ ಬಿಗಿ ಮೈಯವರ ಸೊಂಟ ಹಿಂದಕ್ಕೆ ಉರುಳುತ್ತದೆ. ಉರುಳಿದ ಸೊಂಟದಿಂದ ಮುಂದೆ ಬಗ್ಗಿದರೆ ಬಗ್ಗುವುದು ಬೆನ್ನಿನ ಡಿಸ್ಕೇ. ಮಂಡಿಚಿಪ್ಪು ಸೂರು ನೋಡುತ್ತಿರಲಿ.

ಸೊಪ್ಪಿನ ಸಾರು:
ಕಾಲುಚೀಲ ಹಾಕಿಕೊಂಡು ಮಾಡುವವರಿಗೆ ಒಂದು ಮಾತು ಯಾರಾದರೂ ಹೇಳಿ.

ಅಕ್ಕಿ ಮೂಟೆ:
ತೆಗೆಯಿರಿ. ರೆಡ್ ಆಕ್ಸೈಡ್ ನೆಲ, ಗ್ರಾನೈಟ್, ಜಮಖಾನ ಯಾವುದರ ಮೇಲೂ ಬೇಡ. ಕಾಲು ಪಕ್ಕಕ್ಕೆ ಜಾರಿದರೆ ಒಳತೊಡೆ ಹರಿಯುವುದು ಕಣ್ಣು ಮಿಟುಕಿಸುವುದರೊಳಗೆ. ಆರಡಿ ಚಾಪೆಯ ಉದ್ದಕ್ಕೆ ನಿಂತರೆ ಎರಡೂ ಪಾದ ರಬ್ಬರಿನ ಮೇಲೇ ಇರುತ್ತವೆ. ಅಡ್ಡಕ್ಕೆ ನಿಂತರೆ ಎರಡಡಿ ಅಗಲ ಯಾವ ಮೂಲೆಗೂ ಸಾಲದು.

ಮೂಳೆ ಲೆಕ್ಕ:
ಬೆಳಗ್ಗೆಯ ಪ್ರಶ್ನೆ ಬಾಕಿ ಇದೆ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಕೂಡಲೇ ಬಗ್ಗಿದರೆ ಅವುಗಳ ಮೇಲಿನ ಒತ್ತಡ ದಿನದ ಬೇರೆ ಹೊತ್ತಿಗಿಂತ ಹೆಚ್ಚು. ಒಂದು ಗಂಟೆ ಓಡಾಡಿ, ಆಮೇಲೆ ಬಗ್ಗಿ. ಸಂಜೆ ಮೈ ಬಿಸಿ ಹೆಚ್ಚಿರುವುದರಿಂದ ಎರಡು ಇಂಚು ಹೆಚ್ಚೇ ಇಳಿದರೂ ಅದನ್ನು ಬೆಳಗಿನ ಅಳತೆಗೆ ಹೋಲಿಸಬೇಡಿ. ಹೊಟ್ಟೆ ತುಂಬ ಉಂಡ ಮೇಲೆ ಮೂರು-ನಾಲ್ಕು ಗಂಟೆ ಬಿಡಿ.

ಯಾರು ತಲೆ ಕೆಳಗೆ ಮಾಡಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗ್ಲಾಕೋಮಾ ಇರುವವರು, ಏಕೆಂದರೆ ತಲೆ ಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಹತೋಟಿಗೆ ಬಾರದ ಬಿ.ಪಿ. ಇರುವವರು. ಮೂಳೆ ಸವೆತ ಇರುವವರು ಬೆನ್ನು ಗೂನು ಮಾಡಿ ಬಗ್ಗಲೇಬಾರದು, ಕಶೇರುಕ (ಬೆನ್ನುಮೂಳೆಯ ಮಣಿ) ಕುಸಿಯುವ ಅಪಾಯ ಇದೆ. ಇವರಿಗೆಲ್ಲ ಮೇಲೆ ಹೇಳಿದ ಅಡುಗೆ ಕಟ್ಟೆಯದು ಚೆನ್ನಾಗಿದೆ, ಆದರೂ ಡಾಕ್ಟರನ್ನು ಒಂದು ಮಾತು ಕೇಳಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಏಳುವಾಗ ಸೊಂಟದ ಮೇಲೆ ಕೈ ಇಟ್ಟು, ಅರ್ಧದಲ್ಲಿ ಎರಡು ಉಸಿರು ನಿಂತು, ಆಮೇಲೆ ಪೂರ್ತಿ ಏಳಬೇಕು.

ಕಟ್ಟೆಪುರಾಣ:
ಕೂರುವ ಮೂಳೆಯ ಹತ್ತಿರವೇ ನೋವು, ಗಟ್ಟಿ ಬೆಂಚಿನ ಮೇಲೆ ಕೂತರೆ ಜಾಸ್ತಿ. ಬಿಗಿಯಿದೆ ಎಂದು ಇನ್ನೂ ಎಳೆಯಿರಿ ಅನ್ನುತ್ತಾರೆ ಕೆಲವರು. ಸರಿಯೇ?

ಮೂಳೆ ಲೆಕ್ಕ:
ತಪ್ಪು, ದೊಡ್ಡ ತಪ್ಪು. ಅದು ಸ್ನಾಯು ಮೂಳೆಗೆ ಅಂಟುವ ಜಾಗದ ಸ್ನಾಯುರಜ್ಜು ಕೆಣಕಿರುವುದು. ಬಗ್ಗಿದಾಗಲೆಲ್ಲ ಆ ರಜ್ಜು ಕೂರುವ ಮೂಳೆಗೆ ಒತ್ತಿಕೊಳ್ಳುತ್ತದೆ. ಬಿಗಿ ಎನಿಸುವುದು ನೋವಿನ ವೇಷ, ಎಳೆದಷ್ಟೂ ಕೆರಳುತ್ತದೆ. ಮುಂದೆ ಬಗ್ಗುವುದನ್ನು ಸದ್ಯಕ್ಕೆ ಬಿಡಿ. ಅಂಗಾತ ಮಲಗಿ ಹಿಮ್ಮಡಿಗಳನ್ನು ನೆಲಕ್ಕೆ ಊರಿ, ಕಾಲು ಸ್ವಲ್ಪ ಉದ್ದಕ್ಕೇ ಇಟ್ಟು ಸೊಂಟ ಎತ್ತಿ 30ರಿಂದ 45 ಸೆಕೆಂಡ್ ಹಿಡಿಯಿರಿ, ನಾಲ್ಕು ಸಲ, ನಡುವೆ ಒಂದೊಂದು ನಿಮಿಷ ಬಿಡುವು. ನೋವು ಹತ್ತಕ್ಕೆ ಮೂರರ ಒಳಗಿದ್ದು ಮರುದಿನ ಹೆಚ್ಚಾಗದಿದ್ದರೆ ಆ ಭಾರ ಸರಿ. ಇದು ವಾರದಲ್ಲಿ ಹೋಗುವುದಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಕೂರುವಾಗ ತೊಡೆಯ ಕೆಳಗೆ ಮಡಚಿದ ಟವೆಲ್ ಹಾಕಿ ಮೂಳೆಯ ಮೇಲಿನ ಭಾರ ತಪ್ಪಿಸಿ. ಪಟ್ ಎಂದು ಸದ್ದಾಗಿ ತೊಡೆ ನೀಲಿಗಟ್ಟಿದ್ದರೆ ಇದ್ಯಾವುದನ್ನೂ ಮಾಡದೆ ಸೀದಾ ಡಾಕ್ಟರ್ ಹತ್ತಿರ.

ಕಟ್ಟೆಪುರಾಣ:
ಸದ್ದೇನೂ ಆಗಿಲ್ಲ. ಸೊಂಟ ಎತ್ತುವುದನ್ನೇ ಶುರು ಮಾಡಬಹುದು ಹಾಗಾದರೆ.

ಮಡಚಿದ ಚಾಪೆ:
ಕೊನೆಯದೊಂದು. ಅಗಲ ಬದಲಿಸದೆಯೇ ಮುಂದೊಂದು ದಿನ ನೆತ್ತಿ ಮುಟ್ಟಿತು ಅನ್ನಿ. ತಲೆಯ ಮೇಲೆ ಎಷ್ಟು ಭಾರ ಹಾಕಬಹುದು?

ಎಂಟನೇ ವಿನ್ಯಾಸ:
ಹಾಕಬಾರದು. ಭಾರ ಪಾದದಲ್ಲಿ, ಸ್ವಲ್ಪ ಅಂಗೈಯಲ್ಲಿ. ನೆಲಕ್ಕೆ ಒಂದು ಹಳೆ ದಿನಪತ್ರಿಕೆಯ ಹಾಳೆ ಹಾಸಿ ಅದರ ಮೇಲೆ ನೆತ್ತಿ ಇಡಿ. ಪಕ್ಕದಲ್ಲಿ ಇರುವವರು ಹಾಳೆಯನ್ನು ಮೆಲ್ಲಗೆ ಎಳೆಯಲಿ. ಜಾರಿ ಬಂದರೆ ಸರಿ. ಹರಿದರೆ ಕತ್ತಿನ ಮೇಲೆ ನಿಂತಿದ್ದೀರಿ, ಅಂಗೈ ಒತ್ತಿ ಭುಜಗಳನ್ನು ಕಿವಿಯಿಂದ ಮೇಲಕ್ಕೆಳೆದು ಒಂದು ಬೆರಳಿನಷ್ಟು ಎತ್ತಿಕೊಳ್ಳಿ. ಸಿ-ಯಲ್ಲಿ ಕೈಗಳು ಹಿಂದೆ ಹೆಣೆದುಕೊಂಡಿರುವುದರಿಂದ ಈ ಆಸರೆ ಇರುವುದಿಲ್ಲ, ಅದಕ್ಕೇ ಎ-ಯಲ್ಲಿ ಹಾಳೆ ಜಾರುವವರೆಗೆ ಸಿ-ಗೆ ಹೋಗಬೇಡಿ.